ಓನರಮ್ಮ

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಬಟ್ಟೆಯ ಕಲೆ ತೆಗೆಯುವವಳು ಒಬ್ಬಳೇ ಒಬ್ಬಳು. ಅವಳಿಗೆ ಕಲಾವಿದೆ ಎಂದು ಹೆಸರಿಟ್ಟವಳು ನಾನು. ಕೌಂಟರಿನಲ್ಲಿ ಕೂತು ಬಟ್ಟೆ ಪಡೆದು ಚೀಟಿ ಹರಿದು ಕೊಡುವವಳಿಗೆ ಬಾಯಿ ಸುಮ್ಮನಿರುವುದಿಲ್ಲ ನೋಡಿ. ಮೊದಮೊದಲು ಅವಳು ಮುಖ ಊದಿಸಿಕೊಳ್ಳುತ್ತಿದ್ದಳು. ಆಮೇಲೊಮ್ಮೆ ಗಿರಾಕಿಯೊಬ್ಬರು ಈ ಹೆಸರು ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ, "ತಾವು ಏನು ಬಿಡಿಸ್ತೀರಿ?" ಎಂದು ವಿಚಾರಿಸಿದರು. ಇವಳು ತಲೆಯೆತ್ತದೆ ಬ್ರಶ್ಶು ತಟ್ಟುತ್ತಲೇ, "ಕಲೆ ಬಿಡಿಸ್ತೀನಿ" ಎಂದಳು. ಅವತ್ತಿನಿಂದ ಹೆಸರು ಅವಳಿಗೆ ಒಗ್ಗಿಹೋಯಿತು.

ಅವಳ ಮೇಜು ಒಳಗಡೆ, ಬೆಳಕು ಬೀಳುವ ಕಿಟಕಿಯ ಪಕ್ಕ. ಬಟ್ಟೆಯನ್ನು ಮೊದಲು ಮೂಸುತ್ತಾಳೆ, ಆಮೇಲೆ ನೋಡುತ್ತಾಳೆ. ಎಣ್ಣೆಗೆ ಒಂದು ಶೀಷೆ, ಮಸಿಗೆ ಒಂದು, ರಕ್ತಕ್ಕೆ ತಣ್ಣೀರು. ಕಲೆಯ ನಟ್ಟನಡುವೆ ಕೈ ಹಾಕಿ ಉಜ್ಜುವವರನ್ನು ಕಂಡರೆ ಅವಳಿಗಾಗುವುದಿಲ್ಲ. ಅಂಚಿನಿಂದ ಒಳಕ್ಕೆ ಬರಬೇಕಂತೆ. ಇಲ್ಲದಿದ್ದರೆ ಕಲೆ ಹೋದರೂ ಸುತ್ತ ಬಳೆಯಂಥ ಗುರುತು ಉಳಿಯುತ್ತದಂತೆ. ಇಷ್ಟು ತಾಳ್ಮೆ ಬಟ್ಟೆಯ ಮೇಲೆ ಮಾತ್ರ. ಮನುಷ್ಯರ ವಿಷಯದಲ್ಲಿ ಅವಳು ನೇರ ನಡುವಿಗೇ ಕೈ ಹಾಕುವವಳು.

ಅವಳ ಬಗ್ಗೆ ಹೇಳಲು ಹೊರಟು ಹೊಟ್ಟೆಕಿಚ್ಚಿನ ಮಾತೆತ್ತದಿದ್ದರೆ ಸುಳ್ಳು ಹೇಳಿದ ಹಾಗೆ. ಯಜಮಾನರು ನನಗೊಂದು ಹೊಸ ಕುರ್ಚಿ ತರಿಸಿಕೊಟ್ಟಾಗ ಅವಳು ಎಷ್ಟೋ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಇಸ್ತ್ರಿಯವನ ಮಗಳಿಗೆ ಒಳ್ಳೆಯ ಸಂಬಂಧ ಕುದುರಿದರೆ, ತನಗೆ ಮಕ್ಕಳೇ ಇಲ್ಲದಿದ್ದರೂ, ಇವಳಿಗೆ ಹೊಟ್ಟೆ ಉರಿ. ಅದನ್ನು ಮುಚ್ಚಿಡುವ ನಾಚಿಕೆಯೂ ಇಲ್ಲ. ಕೇಳಿದರೆ, ಹೌದು ಉರಿಯುತ್ತೆ, ಏನೀಗ ಎನ್ನುತ್ತಾಳೆ. ನನಗೆ ಅವಳು ಹಿಡಿಸಿದ್ದು ಇದಕ್ಕೇ ಇರಬೇಕು. ನಾವೆಲ್ಲ ಒಳಗೆ ಉರಿದುಕೊಂಡು ಹೊರಗೆ ಹಲ್ಲು ಕಿರಿಯುವವರು.

ಅವಳ ಮನೆ ಲಾಂಡ್ರಿಯ ಹಿಂದಿನ ಬೀದಿಯಲ್ಲಿ. ಕೆಳಗೆ ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ಹೊರಗಿನಿಂದ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಅವಳು ಹುಟ್ಟಿದಾಗ ಅದು ಬಾಡಿಗೆ ಮನೆ. ಮನೆಯ ಓನರಮ್ಮ ಪಕ್ಕದ ದೊಡ್ಡ ಮನೆಯಲ್ಲಿದ್ದರು. ತಿಂಗಳು ಹುಟ್ಟಿದ ಕೂಡಲೇ ಬೀಗದ ಕೈಗೊಂಚಲು ಆಡಿಸುತ್ತ ಬಂದು, ಬಾಡಿಗೆ ಎಣಿಸುವ ಮೊದಲು ಗೋಡೆಗಳ ಮೇಲೆಲ್ಲ ಅಂಗೈ ಸವರುತ್ತಿದ್ದರಂತೆ. "ಗೋಡೆಗೆ ಮೊಳೆ ಹೊಡೀಬೇಡಿ" ಎನ್ನುವುದು ಅವರ ನಮಸ್ಕಾರವೂ ಹೌದು, ಹೋಗಿಬರುತ್ತೇನೆ ಎನ್ನುವುದೂ ಹೌದು. ಕೊನೆಗೆ ಓನರಮ್ಮ ಮುದುಕಿಯಾಗಿ ಮಗಳ ಮನೆಗೆ ಹೊರಟಾಗ, ಕಲಾವಿದೆಯ ಅಪ್ಪ ಅಮ್ಮ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದನ್ನೆಲ್ಲ ಸುರಿದು ಆ ಮನೆಯನ್ನು ಕೊಂಡುಕೊಂಡರು. ಮನೆ ಕೈಗೆ ಬಂದ ದಿನ ಅಮ್ಮ ಮಾಡಿದ ಮೊದಲ ಕೆಲಸ ಗೋಡೆಗೆ ಒಂದು ಮೊಳೆ ಹೊಡೆದದ್ದು. ಅಪ್ಪ ತೀರಿಕೊಂಡ ಮೇಲೆ ಅವರ ಫೋಟೋ ಅದೇ ಮೊಳೆಗೆ ಬಂತು.

ಈ ಅಮ್ಮನಿದ್ದಾಳಲ್ಲ, ಬಾಯಿತುಂಬ ಹೊಗಳುವ ಪೈಕಿಯಲ್ಲ. ಮಗಳನ್ನು ಚಿಕ್ಕಂದಿನಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದಳು, ಅಷ್ಟೇ ಮುದ್ದು. ಮಿಕ್ಕಂತೆ ಬೈಗುಳ. ಕಲಾವಿದೆಗೆ ಚೆನ್ನಾಗಿ ನೆನಪಿರುವುದು ಒಂದು ಬಿಳಿ ಫ್ರಾಕು. ತನ್ನದಲ್ಲ, ಓನರಮ್ಮನ ಮಗಳದ್ದು. ಕಲಾವಿದೆ ಶಾಲೆಯ ದೊಡ್ಡ ಪರೀಕ್ಷೆಗೆ ಓದುತ್ತಿದ್ದ ವರ್ಷ, ಇದ್ದಕ್ಕಿದ್ದ ಹಾಗೆ ಅಮ್ಮ ಓನರಮ್ಮನ ಮನೆಯ ಬಟ್ಟೆಗಳನ್ನೆಲ್ಲ ತಂದು ಒಗೆಯಲು ಶುರುಮಾಡಿದಳು. ಆ ಫ್ರಾಕನ್ನಂತೂ ಮಗುವಿಗೆ ಸ್ನಾನ ಮಾಡಿಸುವ ಹಾಗೆ ತಿಕ್ಕಿ, ತೊಳೆದು, ನೆರಳಲ್ಲಿ ಒಣಗಿಸುತ್ತಿದ್ದಳು. ತನ್ನ ಬಟ್ಟೆಗೆ ಒಂದು ದಿನವೂ ಇಷ್ಟು ಅಕ್ಕರೆ ಇಲ್ಲ. ಹುಡುಗಿ ಹೊಟ್ಟೆಕಿಚ್ಚು ತಡೆಯಲಾರದೆ ಒಂದು ಮಧ್ಯಾಹ್ನ ಫ್ರಾಕಿನ ಮೇಲೆ ಮಸಿ ಚೆಲ್ಲಿದಳು. ಅಮ್ಮ ಬೆನ್ನಿಗೆ ಬಾರಿಸಿ, ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಅಂಚಿನಿಂದ ಒಳಕ್ಕೆ ಬಂದು ಆ ಮಸಿಯನ್ನು ತೆಗೆದಳು. ಕಲಾವಿದೆಯ ವಿದ್ಯೆಯೆಲ್ಲ ಅಲ್ಲಿಂದ ಬಂದದ್ದು.

"ಓನರಮ್ಮನ ಮಗಳ ಮೇಲಿದ್ದ ಪ್ರೀತಿ ನನ್ನ ಮೇಲಿರಲಿಲ್ಲ ಕಣೇ ಅವಳಿಗೆ" ಎಂದು ಈ ಕಥೆ ಮುಗಿಸುತ್ತಿದ್ದಳು. ತಲೆ ನರೆತ ಮೇಲೂ ಅದನ್ನು ಹೇಳುವಾಗ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಅವಳು ತವರಿನ ಮಹಡಿಯ ಕೋಣೆಗೆ ಬಂದು ಸೇರಿದಳು. ತಾಯಿ ಕೆಳಗೆ, ಮಗಳು ಮೇಲೆ. ದಿನಕ್ಕೊಂದು ಜಗಳ, ಅದರ ಮೇಲೊಂದು ಚಹಾ. ಹೀಗೇ ಸಾಗುತ್ತಿದ್ದಾಗ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮೂಳೆ ಹೇಗೋ ಕೂಡಿತು, ಕೋಲಿನ ಚೌಕಟ್ಟು ಹಿಡಿದು ನಾಲ್ಕು ಹೆಜ್ಜೆ ಇಡುವಂತಾಯಿತು. ಆದರೆ ನೆನಪು ಆಸ್ಪತ್ರೆಯಿಂದ ಪೂರ್ತಿಯಾಗಿ ಮನೆಗೆ ಬರಲಿಲ್ಲ. ಒಲೆ ಹಚ್ಚಿ ಮರೆಯುವಳು, ಬಾಗಿಲು ತೆಗೆದು ಹೊರಡುವಳು. ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ.

ಆಗ ಬಂದ ಅವಳ ತಮ್ಮ. ನನಗೆ ಆ ತಮ್ಮನನ್ನು ಕಂಡರೆ ಅಷ್ಟಕ್ಕಷ್ಟೆ, ಮೊದಲೇ ಹೇಳಿಬಿಡುತ್ತೇನೆ. ಊರಿನ ಇನ್ನೊಂದು ತುದಿಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಬಂದಾಗಲೆಲ್ಲ ಬಾಳೆಹಣ್ಣು ತರುತ್ತಾನೆ, ಅಮ್ಮ "ನನ್ನ ಮಗ ಬಂದ" ಎಂದು ಅರಳುತ್ತಾಳೆ, ದಿನಾ ಅನ್ನ ಬೇಯಿಸುವವಳು ಬಾಗಿಲ ಸಂದಿಯಲ್ಲಿ ಹಲ್ಲು ಕಡಿಯುತ್ತಾಳೆ. ಅವನ ಲೆಕ್ಕ ಸೀದಾ ಇತ್ತು. ಮನೆ ಮಾರುವುದು, ಆ ದುಡ್ಡಿನಲ್ಲಿ ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುವುದು, ಉಳಿದದ್ದು ಸಮಪಾಲು. ಮನೆ ಅಮ್ಮನ ಹೆಸರಿನಲ್ಲಿದೆಯಲ್ಲ ಎಂದರೆ, ಹೆಬ್ಬೆಟ್ಟು ಒತ್ತಿಸಿದರಾಯಿತು ಎಂದ.

"ಗೋಡೆ ನೋಡ್ಕೊಳ್ಳೋಕೆ ದುಡ್ಡಿದೆಯಾ, ಅಮ್ಮನ್ನ ನೋಡ್ಕೊಳ್ಳೋಕೆ ದುಡ್ಡಿದೆಯಾ? ಎರಡರಲ್ಲಿ ಒಂದು ಹೇಳು ಅಕ್ಕ."

"ಎರಡನ್ನೂ ನೋಡ್ಕೋತೀನಿ. ನೀನು ಹಣ್ಣು ತಂದ್ಕೊಂಡಿರು ಸಾಕು."

ಅವನು ಒಪ್ಪಿದ, ಷರತ್ತಿನ ಮೇಲೆ. ನಿನ್ನ ಕೈಲಿ ಆಗುವವರೆಗೆ ನಡೆಸು, ಆಗಲ್ಲ ಅಂದ ದಿನ ಗಿರಾಕಿ ಕರೆದುಕೊಂಡು ಬರುತ್ತೇನೆ ಎಂದ. ಕಲಾವಿದೆಗೆ ಆ ಮನೆಯೆಂದರೆ ಅಮ್ಮನೇ. ಆ ಮನೆಯಿಂದ ಎಬ್ಬಿಸಿದರೆ ಅಮ್ಮ ಉಳಿದಿರುವ ನಾಲ್ಕು ನೆನಪನ್ನೂ ಬಿಟ್ಟುಬಿಡುತ್ತಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ಲಾಂಡ್ರಿಯ ಸಂಬಳ ಇಬ್ಬರ ಊಟಕ್ಕೆ, ಔಷಧಕ್ಕೆ ಸರಿಹೋಗುತ್ತದೆ. ಹಗಲು ಅಮ್ಮನ ಜೊತೆ ಇರುವವರಿಗೆ ಕೊಡಲು ಎಲ್ಲಿಂದ ತರುವುದು? ಅವಳು ತಲೆ ಓಡಿಸಿ ತನ್ನ ಮಹಡಿಯ ಕೋಣೆಯನ್ನೇ ಬಾಡಿಗೆಗೆ ಕೊಟ್ಟಳು. ತಾನು ಹಾಲಿಗೆ ಬಂದು ಚಾಪೆ ಹಾಸಿದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನೊಬ್ಬ ಬಂದು ಸೇರಿದ. ಮೇಲಿನ ಬಾಡಿಗೆ ಕೆಳಗಿನ ಸಂಬಳಕ್ಕೆ, ಅಲ್ಲಿಂದಲ್ಲಿಗೆ. ನಡುವೆ ಒಂದು ಕಡ್ಡಿ ಜಾರಿದರೂ ಎಲ್ಲವೂ ಕುಸಿಯುವ ಏರ್ಪಾಡು, ಆದರೂ ನಿಂತಿತು.

ಹಗಲಿಗೆ ಬಂದವಳು ಆಸ್ಪತ್ರೆಯಲ್ಲಿ ಕೆಲಸ ಕಲಿತ ಹುಡುಗಿ. ತಿಳಿನೀಲಿ ಅಂಗಿ, ಬಿಗಿದು ಕಟ್ಟಿದ ಕೂದಲು, ಸದ್ದಿಲ್ಲದ ಚಪ್ಪಲಿ. ಎಲ್ಲರೂ ಕರೆಯುವ ಹಾಗೆ ಅವಳನ್ನೂ ಸಿಸ್ಟರ್ ಎಂದೇ ಕರೆದರು. ಮೊದಲ ದಿನವೇ ಕಲಾವಿದೆ ನನ್ನ ಹತ್ತಿರ ಗೊಣಗಿದಳು: ಹೆತ್ತವಳು ಒಬ್ಬ ತಮ್ಮನನ್ನು ಕೊಟ್ಟು ಸುಮ್ಮನಾದಳು, ಈಗ ಸಂಬಳ ಕೊಟ್ಟು ಸಿಸ್ಟರನ್ನು ತಂದುಕೊಂಡಿದ್ದೇನೆ ಎಂದು. ಆಗ ನಕ್ಕೆವು.

ಸಿಸ್ಟರ್ ಒಳ್ಳೆಯವಳು. ತೊಂದರೆಯಾದದ್ದೇ ಅದರಿಂದ. ಮಗಳು ತಿನ್ನಿಸಿದರೆ ಎರಡು ತುತ್ತಿಗೆ ಬಾಯಿ ಬಿಗಿಯುತ್ತಿದ್ದ ಅಮ್ಮ, ಸಿಸ್ಟರ್ ಕೈಯಲ್ಲಿ ತಟ್ಟೆ ಖಾಲಿ ಮಾಡುತ್ತಿದ್ದಳು. ಮಗಳು ತಲೆ ಬಾಚಲು ಹೋದರೆ ತಲೆ ಹಿಂದಕ್ಕೆ ಎಳೆದುಕೊಳ್ಳುವಳು. ಸಿಸ್ಟರ್ ಬಾಚಿದರೆ ಅಲ್ಲೇ ತೂಕಡಿಕೆ. ಒಂದು ಸಂಜೆ ಕಲಾವಿದೆ ಕೆಲಸ ಮುಗಿಸಿ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅಮ್ಮನ ದನಿ ಕೇಳಿತು. "ಗುಬ್ಬೀ" ಎಂದು ಕರೆಯುತ್ತಿದ್ದಳು. ಎಷ್ಟೋ ವರ್ಷಗಳಿಂದ ಕೇಳದ ಹೆಸರು. ಕಲಾವಿದೆ ಒಂದು ಕಾಲಿನ ಚಪ್ಪಲಿಯಲ್ಲೇ "ಬಂದೆ" ಎಂದು ಒಳಗೆ ಓಡಿದಳು. ಅಮ್ಮನ ಕೈ ಸಿಸ್ಟರಿನ ಕೆನ್ನೆಯ ಮೇಲಿತ್ತು.

ಮರುದಿನ ಮೇಜಿನ ಮುಂದೆ ಕೂತು ಅವಳು ಒಂದು ರೇಷ್ಮೆ ಬಟ್ಟೆಯನ್ನು ನಡುವಿನಿಂದಲೇ ಉಜ್ಜಿ ಹಾಳು ಮಾಡಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಅವಳನ್ನು ಬೈಯುವ ಧೈರ್ಯ ಯಜಮಾನರಿಗೂ ಬರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಪತ್ತೇದಾರಿಕೆ. ಮಧ್ಯಾಹ್ನ ಊಟ ಬಿಟ್ಟು ಮನೆಗೆ ಓಡುವಳು, ಸಿಸ್ಟರ್ ನಿದ್ದೆ ಮಾಡುತ್ತಿದ್ದಾಳಾ, ಫೋನಿನಲ್ಲಿದ್ದಾಳಾ ಎಂದು ನೋಡಲು. ಸಿಸ್ಟರ್ ಅಮ್ಮನ ಕಾಲು ಒತ್ತುತ್ತಿರುವಳು. ಇವಳು ಇನ್ನಷ್ಟು ಕುದಿದು ವಾಪಸು ಬರುವಳು. ಹಾಸಿಗೆಯ ಬಟ್ಟೆ ಮೂಸಿ ನೋಡುವಳು, ಏನಾದರೂ ಸಿಕ್ಕೀತು ಎಂದು. ಸೋಪಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ತೊಳೆದಿಟ್ಟ ಬಟ್ಟೆಯನ್ನೇ ಮತ್ತೆ ತೊಳೆಯುವಳು. ಬಾಚಣಿಗೆ ಬಚ್ಚಿಟ್ಟಳು; ಸಿಸ್ಟರ್ ಮನೆಯಿಂದ ತನ್ನದೇ ಬಾಚಣಿಗೆ ತಂದಳು. ಒಂದಾದರೂ ತಪ್ಪು ಮಾಡಬಾರದಾ ಆ ಹುಡುಗಿ, ಎಂದು ನನ್ನೆದುರು ಅಳುವಷ್ಟಕ್ಕೆ ಬಂದಳು. ಇದು ಶುದ್ಧ ಹೊಟ್ಟೆಕಿಚ್ಚು, ಇದಕ್ಕೆ ನಿನ್ನ ಶೀಷೆಯಲ್ಲಿ ಮದ್ದಿಲ್ಲ ಎಂದೆ. ಗೊತ್ತು ಎಂದಳು.

ಸಾಲದ್ದಕ್ಕೆ ಇನ್ನೊಂದು. ಅಮ್ಮ ಮಗಳನ್ನು ಸುಮ್ಮನೆ ಮರೆತಿದ್ದರೆ ಹೇಗೋ ಸಹಿಸುತ್ತಿದ್ದಳೋ ಏನೋ. ಆದರೆ ಅಮ್ಮ ಅವಳಿಗೆ ಬೇರೆಯೇ ಪಟ್ಟ ಕಟ್ಟಿದ್ದಳು. ಕನ್ನಡಕದವನಿಗೆ ಕೋಣೆ ತೋರಿಸಿದ ದಿನ ಕಲಾವಿದೆ ಬೀಗದ ಕೈಗಳನ್ನು ಹಿಡಿದು, ಮೆಟ್ಟಿಲ ಮೇಲೆ ನಿಂತು, ತನಗೇ ಗೊತ್ತಿಲ್ಲದ ಹಾಗೆ "ಗೋಡೆಗೆ ಮೊಳೆ ಹೊಡೀಬೇಡಿ" ಎಂದಿದ್ದಳು. ಕೆಳಗೆ ಕಿಟಕಿಯ ಪಕ್ಕ ಮಲಗಿದ್ದ ಅಮ್ಮನಿಗೆ ಅದು ಕೇಳಿಸಿತ್ತು. ಆಮೇಲೆ ಇವಳು ಒಳಗೆ ಬಂದಾಗ ಅಮ್ಮ ಬೆಚ್ಚಿ, ಮಂಚದಲ್ಲೇ ಮುದುಡಿ ಕೂತು, "ಬನ್ನಿ ಓನರಮ್ಮ" ಎಂದಳು.

ಅಂದಿನಿಂದ ಅದೇ. ಬನ್ನಿ, ಕೂತ್ಕೊಳ್ಳಿ, ಈ ತಿಂಗಳು ಸ್ವಲ್ಪ ತಡವಾಗುತ್ತೆ. ಬಾಡಿಗೆ ಮನೆಯಲ್ಲಿ ಕಳೆದ ಆ ಹಳೆಯ ವರ್ಷಗಳೇ ಅಮ್ಮನ ತಲೆಯಲ್ಲಿ ಗಟ್ಟಿಯಾಗಿ ಉಳಿದಿದ್ದವು. ನಾನು ನಿನ್ನ ಮಗಳು ಎಂದು ಇವಳು ಎಷ್ಟು ಹೇಳಿದರೂ, ಅಮ್ಮ ಮರ್ಯಾದೆಗೆ ತಲೆಯಾಡಿಸುವಳು, ಕಣ್ಣಿನಲ್ಲಿ ಹೆದರಿಕೆ ಹಾಗೇ ಇರುವುದು. ಮನೆ ಉಳಿಸಲು ತನ್ನ ಕೋಣೆ ಬಿಟ್ಟುಕೊಟ್ಟವಳು ಅದೇ ಮನೆಯಲ್ಲಿ ಬಾಡಿಗೆ ಕೇಳಲು ಬಂದವಳಾದಳು.

ಒಂದು ದಿನ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸಿಸ್ಟರಿಗೆ ರಜೆ ಕೊಟ್ಟು, ಎಲ್ಲಿಂದಲೋ ತಿಳಿನೀಲಿ ಅಂಗಿ ಹೊಂದಿಸಿ ಹಾಕಿಕೊಂಡು, ಕೂದಲು ಬಿಗಿಯಾಗಿ ಕಟ್ಟಿ, ಸದ್ದಿಲ್ಲದ ಚಪ್ಪಲಿ ಮೆಟ್ಟಿ ಅಮ್ಮನ ಮುಂದೆ ಹೋಗಿ ನಿಂತಳು. ಗುಬ್ಬಿ ಎನ್ನಲಿ ಎಂದು. ಅಮ್ಮ ಮೇಲಿನಿಂದ ಕೆಳಗಿನವರೆಗೆ ನೋಡಿ, "ಓನರಮ್ಮ, ತಪ್ಪು ತಿಳೀಬೇಡಿ. ಈ ಬಣ್ಣ ನಿಮಗೆ ಒಪ್ಪಲ್ಲ" ಎಂದಳು.

ಅದಾದ ಮೇಲೆ ಅವಳು ನಿರ್ಧಾರಕ್ಕೆ ಬಂದಳು. ಸಿಸ್ಟರನ್ನು ಬಿಡಿಸುವುದು. ತಾನೇ ಲಾಂಡ್ರಿ ಬಿಟ್ಟು ಮನೆಯಲ್ಲಿ ಕೂರುವುದು. ಆ ಹುಡುಗಿ ಕಣ್ಣ ಮುಂದಿಲ್ಲದಿದ್ದರೆ ಅಮ್ಮನಿಗೆ ಗುಬ್ಬಿ ಯಾರೆಂದು ತಾನಾಗಿ ಗೊತ್ತಾಗುತ್ತದೆ ಎಂದು ಅವಳ ವಾದ. ಸಂಬಳವಿಲ್ಲದೆ ಆ ಬಾಡಿಗೆಯೊಂದರಲ್ಲಿ ಎಷ್ಟು ದಿನ ನಡೆಯುತ್ತೆ, ತಮ್ಮ ಬಾಗಿಲಲ್ಲೇ ಕಾಯುತ್ತಿದ್ದಾನೆ, ಮನೆ ಹೋಗುತ್ತೆ ಎಂದು ನಾನು ಜಗಳವಾಡಿದೆ. ಹೋದರೆ ಹೋಗಲಿ ಎಂದಳು. ಮನೆಗೋಸ್ಕರ ಅಷ್ಟು ಹೆಣಗಿದವಳ ಬಾಯಲ್ಲಿ ಈ ಮಾತು ಬಂದಾಗ ನನಗೆ ಅವಳ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಆದರೂ ಜೊತೆಗೆ ಬಾ, ಒಬ್ಬಳೇ ಹೋದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ ಎಂದು ಕರೆದಾಗ ಹೋದೆ. ಅವತ್ತು ಬಾಯ್ಲರ್ ಕೆಟ್ಟು ಲಾಂಡ್ರಿ ಮಧ್ಯಾಹ್ನಕ್ಕೇ ಮುಚ್ಚಿತ್ತು.

ನಾವು ಒಳಗೆ ಹೋದಾಗ ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಹೊದಿಕೆಯಲ್ಲಿ ಕಟ್ಟಿದ ಒಂದು ಗಂಟು. ಗಂಟಿನಿಂದ ಅಪ್ಪನ ಫೋಟೋದ ಮೂಲೆ ಹೊರಗೆ ಇಣುಕುತ್ತಿತ್ತು. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಉಳಿದಿತ್ತು, ಮೊಳೆ ಇರಲಿಲ್ಲ. ಸಿಸ್ಟರ್ ಎದ್ದು ನಿಂತು, ಬೆಳಗಿನಿಂದ ಅಜ್ಜಿ ಒಂದೇ ಹಟ ಹಿಡಿದಿದ್ದಾರೆ ಅಕ್ಕ, ಊಟವನ್ನೂ ಮಾಡಲಿಲ್ಲ, ಕೊನೆಗೆ ಅವರು ಹೇಳಿದ ಹಾಗೆ ನಾನೇ ಕಿತ್ತೆ ಎಂದು ಮೆಲ್ಲಗೆ ಹೇಳಿ ಅಡುಗೆಮನೆಗೆ ಸರಿದಳು. ಅಂತೂ ಆ ಹುಡುಗಿಯ ಒಂದು ತಪ್ಪು ಸಿಕ್ಕಿತಲ್ಲ ಎಂದು ನಾನು ಕಲಾವಿದೆಯ ಮುಖ ನೋಡಿದೆ. ಅವಳು ಗೋಡೆಯನ್ನೇ ನೋಡುತ್ತಿದ್ದಳು.

"ಬನ್ನಿ ಓನರಮ್ಮ" ಎಂದಳು ಅಮ್ಮ. "ಮೊಳೆ ಕಿತ್ತುಬಿಟ್ಟಿದ್ದೀವಿ. ತೂತಿಗೆ ಸೋಪು ತುಂಬಿದ್ದೀವಿ, ಕೈಯಿಟ್ಟು ನೋಡಿ, ಗೊತ್ತೇ ಆಗಲ್ಲ."

ಕಲಾವಿದೆ ಗೋಡೆಯ ಮೇಲೆ ಅಂಗೈ ಇಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ.

"ಮನೆ ಬಿಡಿ ಅಂದ್ರಿ, ಬಿಡ್ತೀವಿ. ನಮ್ಮದೇನೂ ತಕರಾರಿಲ್ಲ" ಎಂದು ಅಮ್ಮ ಮುಂದುವರಿಸಿದಳು. ಎಂದೂ ಯಾರಿಗೂ ತಗ್ಗದ ಹೆಂಗಸು ಎರಡೂ ಕೈ ಮುಂದೆ ಹಿಡಿದಿದ್ದಳು. "ಆದ್ರೆ ನನ್ನ ಮಗಳ ಪರೀಕ್ಷೆ ಒಂದು ಮುಗೀಲಿ. ಈಗ ಎಬ್ಬಿಸಿದ್ರೆ ಗುಬ್ಬಿ ಓದು ಕೆಟ್ಟುಹೋಗುತ್ತೆ. ಅಲ್ಲೀವರೆಗೂ ನಿಮ್ಮ ಮನೆ ಬಟ್ಟೆಯೆಲ್ಲ ನಾನೇ ಒಗೆದುಕೊಡ್ತೀನಿ. ನಿಮ್ಮ ಮಗಳ ಬಿಳಿ ಫ್ರಾಕು ಹಾಲಿನ ಹಾಗೆ ಮಾಡ್ಕೊಡ್ತೀನಿ. ಅವಳಿಗೆ ಮಾತ್ರ ಇದು ಗೊತ್ತಾಗೋದು ಬೇಡ."

ಕಲಾವಿದೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ನಿನ್ನ ಮಗಳು ಎಂದು ಇನ್ನೊಂದು ಸಲ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ಹಾಗೆ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಮಂಚದ ಎದುರಿಗೆ ಕೂತಳು.

"ಮನೆ ಬಿಡೋದೇನೂ ಬೇಡ" ಎಂದಳು. "ಪರೀಕ್ಷೆ ಮುಗಿದ ಮೇಲೂ ಇರಿ. ಎಷ್ಟು ದಿನ ಬೇಕಾದ್ರೂ ಇರಿ."

"ಬಾಡಿಗೆ?"

"ಬಾಡಿಗೆ ಬರ್ತಾ ಇದೆ."

ಅದು ಸುಳ್ಳೂ ಆಗಿರಲಿಲ್ಲ. ಮೇಲೆ ಕನ್ನಡಕದವನ ಹೆಜ್ಜೆ ಕೇಳುತ್ತಿತ್ತು. ಅಮ್ಮ ಗಂಟಿನ ಮೇಲೆ ಕೈಯಿಟ್ಟುಕೊಂಡು ಇನ್ನೂ ಅನುಮಾನದಿಂದಲೇ ನೋಡಿದಳು.

"ಮೊಳೆ?"

"ಹೊಡ್ಕೊಳ್ಳಿ. ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ."

ಅಮ್ಮನ ಹೆಗಲು ಕೆಳಗಿಳಿದದ್ದು ನನಗೇ ಕಾಣಿಸಿತು. ಗಂಟಿನ ತುದಿ ಸಡಿಲಿಸಿ, ಒಳಗಿನ ಕಡೆ ತಿರುಗಿ, "ಗುಬ್ಬೀ, ಓನರಮ್ಮನಿಗೆ ನೀರು ಕೊಡು. ಹೊಸ ಲೋಟದಲ್ಲಿ ಕೊಡು" ಎಂದು ಕೂಗಿದಳು. ಸಿಸ್ಟರ್ ನೀರು ತಂದಳು. ಮನೆಗೆ ಬಂದ ದೊಡ್ಡವರಿಗೆ ಮಾತ್ರ ತೆಗೆಯುತ್ತಿದ್ದ ಲೋಟ ಅದು. ಮಗಳಿಗೆ ಒಂದು ದಿನವೂ ಅದರಲ್ಲಿ ಕುಡಿಯಲು ಕೊಟ್ಟಿರಲಿಲ್ಲವಂತೆ. ಕಲಾವಿದೆ ನೀರು ಕುಡಿದು, ಲೋಟ ಹಿಂದಕ್ಕೆ ಕೊಡುತ್ತ, ಆ ಹುಡುಗಿಯ ಮುಖ ನೋಡದೆ, "ನಾಳೆ ಎಂದಿನ ಹಾಗೆ ಬಾ" ಎಂದಳು. ಅಷ್ಟು ಹೇಳುವಾಗಲೂ ಮೂಗಿನ ತುದಿ ಕೆಂಪಾಗಿಯೇ ಇತ್ತು. ಅದು ಹೋಗುವ ಕಲೆಯಲ್ಲ.

ಸಿಸ್ಟರ್ ಒಳಗೆ ಹೋದ ಮೇಲೆ ಅವಳು ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕೊನೆಗೆ ಕೇಳಿಯೇಬಿಟ್ಟಳು.

"ನಿಮಗೆ ಮಗಳು ಅಂದ್ರೆ ಅಷ್ಟು ಇಷ್ಟಾನಾ?"

ಅಮ್ಮ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಓನರಮ್ಮನ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದಳು.

"ಅವಳಿಗಿಂತ ಹೆಚ್ಚು ನನಗೆ ಯಾರಿದ್ದಾರೆ? ಅವಳ ಮುಂದೆ ಮಾತ್ರ ಹೇಳ್ಬೇಡಿ, ತಲೆ ಮೇಲೆ ಹತ್ತಿ ಕೂರ್ತಾಳೆ."

"ಹೇಳಲ್ಲ" ಎಂದಳು ಕಲಾವಿದೆ.